ಪಂಪಿನ ಸದ್ದು ನಿಂತ ಮೇಲೆ

ಒದ್ದೆ ಬೆಡ್‌ಶೀಟಿನ ಒಂದು ಮೂಲೆ ಹಗ್ಗದ ಮೇಲಿತ್ತು, ಇನ್ನೊಂದು ಮೂಲೆ ಅವಳ ಹಲ್ಲುಗಳ ನಡುವೆ. ಕ್ಲಿಪ್ಪಿಗಾಗಿ ಬುಟ್ಟಿಯಲ್ಲಿ ತಡಕಾಡುತ್ತಿದ್ದಾಗ ಅಡುಗೆಮನೆ ಕಿಟಕಿಯಲ್ಲಿಟ್ಟಿದ್ದ ಫೋನು ಬಡಿದುಕೊಂಡಿತು. ಕೈ ಒರೆಸಿಕೊಂಡು ಎತ್ತುವಷ್ಟರಲ್ಲಿ ಬೆಡ್‌ಶೀಟು ಜಾರಿ ನೆಲಕ್ಕೆ ಬಿತ್ತು.

ಆ ಕಡೆ ಇದ್ದವರು ಕಾರು ಕೊಳ್ಳಲು ಒಪ್ಪಿದ್ದ ಹಲ್ಲಿನ ಡಾಕ್ಟರು. ಮುಂದಿನ ವಾರ ಬರುತ್ತೇನೆಂದಿದ್ದವರು ಇವತ್ತೇ ನಾಲ್ಕು ಗಂಟೆಗೆ ಬರುತ್ತಾರಂತೆ. ಸ್ಟಾರ್ಟ್ ಆದರೆ ಓಡಿಸಿಕೊಂಡೇ ಹೋಗುತ್ತಾರಂತೆ. ಆಗದಿದ್ದರೆ ಬೇಡವಂತೆ, ಈ ವಯಸ್ಸಿನಲ್ಲಿ ರಿಪೇರಿಯ ಹುಚ್ಚು ಹತ್ತಿಸಿಕೊಂಡರೆ ಹೆಂಡತಿ ಮನೆಯೊಳಗೆ ಸೇರಿಸುವುದಿಲ್ಲವಂತೆ. ಅವಳು ಆಯ್ತು ಅಂದಳು. ಫೋನಿಟ್ಟು, ಬಿದ್ದ ಬೆಡ್‌ಶೀಟನ್ನು ಮತ್ತೆ ಬಕೆಟ್ಟಿಗೆ ಹಾಕಿದಳು.

ಹಿತ್ತಲ ಮೆಟ್ಟಿಲ ಮೇಲೆ ಕೂತು ಶಾಲೆಯ ಬೂಟಿಗೆ ಪಾಲಿಶ್ ಹಾಕುತ್ತಿದ್ದ ಹತ್ತು ವರ್ಷದ ಮಗಳು ತಲೆ ಎತ್ತಲಿಲ್ಲ. ಬ್ರಷ್ಷು ಮಾತ್ರ ನಿಂತಿತು.

"ಆ ಕಾರು ಸ್ಟಾರ್ಟ್ ಆಗಲ್ಲಮ್ಮ," ಅಂದಳು.

"ನಿಂಗೆ ಹೇಗೆ ಗೊತ್ತು?"

ಮಗಳ ಬಾಯಿ ತೆರೆಯಿತು. ಏನೋ ನಾಲಿಗೆ ತುದಿಗೆ ಬಂದು ನಿಂತದ್ದು ತಾಯಿಗೆ ಎದುರಿನ ಗೋಡೆ ಕಂಡಷ್ಟೇ ಸ್ಪಷ್ಟವಾಗಿ ಕಂಡಿತು. ಅಷ್ಟರಲ್ಲಿ ಅಂಗಿಯ ಕಾಲರು ಬಾಯಿಗೆ ಹೋಯಿತು, ಬ್ರಷ್ಷು ಮತ್ತೆ ಓಡತೊಡಗಿತು.

ಎಂಟು ತಿಂಗಳಿಂದ ಹೀಗೆಯೇ. ಅಪ್ಪ ಹೋದ ದಿನದಿಂದ ಮಗಳು ಅಪ್ಪನ ಬಗ್ಗೆ ತುಟಿಪಿಟಕ್ ಅಂದಿಲ್ಲ. ಅಳಲೂ ಇಲ್ಲ. ಕಾರು ನಿಂತಿದ್ದ ಶೆಡ್ಡಿನ ಮುಂದೆ ಹಾದುಹೋಗಬೇಕಾಗುತ್ತದೆಂದು ಶಾಲೆಗೆ ಹಿಂದಿನ ಬೀದಿಯಿಂದ ಸುತ್ತಿಕೊಂಡು ಹೋಗುತ್ತಿದ್ದಳು. ಏನೋ ಕೇಳಬೇಕು ಅನ್ನುವ ಹಾಗೆ ತಾಯಿಯ ಬೆನ್ನ ಹಿಂದೆ ಬಂದು ನಿಲ್ಲುತ್ತಿದ್ದಳು, ತಿರುಗಿದರೆ ನೀರು ಬೇಕು ಅನ್ನುತ್ತಿದ್ದಳು. ಆ ಮನೆಯಲ್ಲಿ ಒಂದು ಮಗು ಎಷ್ಟು ನೀರು ಕುಡಿಯುತ್ತದೆ ಅಂತ ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಶಾಲೆಯ ಟೀಚರ್ ಒಮ್ಮೆ ಕರೆಸಿ, ಬ್ಯಾಟರಿಗೆ ಬಲ್ಬು ಜೋಡಿಸುವ ಪಾಠದ ದಿನ ಹುಡುಗಿ ವೈರು ಕೆಳಗೆ ಹಾಕಿ ಕ್ಲಾಸಿನಿಂದ ಎದ್ದುಹೋದಳು ಅಂದಿದ್ದರು. ಅಪ್ಪನ ನೆನಪಾಗಿರಬೇಕು ಅಂತ ಇಬ್ಬರೂ ಅಂದುಕೊಂಡಿದ್ದರು.

ಬಾಯಿ ಬಿಡಿಸಲು ಹೋದರೆ ಇನ್ನೂ ಬಿಗಿಯುತ್ತಾಳೆ ಅಂತ ತಾಯಿಗೆ ಗೊತ್ತಿತ್ತು. ಅಕ್ಕಪಕ್ಕದವರು ಹೇಳಿದ್ದನ್ನೆಲ್ಲ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟು, ಕಾಯುತ್ತ ಕೂತಳು. ಕಾದು ಕಾದು ಒಂದು ದಿನ ಅನ್ನಿಸಿತು, ಆ ಕಾರೇ ಮಗಳ ಗಂಟಲಿಗೆ ಅಡ್ಡ ನಿಂತಿದೆ. ಅದು ಮನೆಯಿಂದ ಹೋದರೆ ಮಾತು ಹೊರಗೆ ಬಂದೀತು. ಕಾರು ಮಾರುವುದಕ್ಕೆ ಅವಳಿಗಿದ್ದ ಕಾರಣ ಅದೊಂದೇ. ಆದರೆ ಗುಜರಿಯವನ ಲಾರಿಯ ಮೇಲೆ ಹೆಣದ ಹಾಗೆ ಹೋಗುವುದನ್ನು ಮಗಳು ನೋಡಬಾರದು. ತನ್ನ ಚಕ್ರದ ಮೇಲೆ ತಾನೇ ಹೋಗಬೇಕು.

ಅವಳು ವೈರ್ ಮಾಮನಿಗೆ ಫೋನು ಮಾಡಿದಳು.

ವೈರ್ ಮಾಮ ಅಂದರೆ ರಕ್ತಸಂಬಂಧಿಯಲ್ಲ. ಮೂರು ಬೀದಿಯಾಚೆ ನಲವತ್ತು ವರ್ಷ ವಾಹನಗಳ ವೈರಿಂಗ್ ಕೆಲಸ ಮಾಡಿದ ಮನುಷ್ಯ, ಗಂಡನ ಗೆಳೆಯ. ಈಗ ಕೈ ನಡುಗುತ್ತದೆ, ಸೊಂಟ ಬಗ್ಗುವುದಿಲ್ಲ, ಬಾಯಿ ಮಾತ್ರ ಮೊದಲಿನ ಹಾಗೆಯೇ ಓಡುತ್ತದೆ. ಹತ್ತು ಗಂಟೆಗೆ ಆಟೋದಲ್ಲಿ ಒಂದು ಹೊಸ ಬ್ಯಾಟರಿ, ಒಂದು ಕ್ಯಾನ್ ಪೆಟ್ರೋಲು, ತನ್ನ ಹಳೆಯ ಟೆಸ್ಟ್ ಬಲ್ಬು ತಂದಿಳಿದ. ಟೆಸ್ಟ್ ಬಲ್ಬು ಅಂದರೆ ಸಣ್ಣ ಬಲ್ಬೊಂದು, ಅದಕ್ಕೆ ಎರಡು ವೈರು. ಒಂದರ ತುದಿಗೆ ಚಿಮುಟದ ಹಾಗೆ ಕಚ್ಚುವ ಕ್ಲಿಪ್ಪು, ಇನ್ನೊಂದರ ತುದಿಗೆ ಸೂಜಿ. ಸ್ಟೂಲು ಹಾಕಿಸಿಕೊಂಡು ಶೆಡ್ಡಿನ ಬಾಗಿಲಲ್ಲಿ ಕೂತು, "ನಾನು ಬಾಯಿ, ನೀನು ಕೈ. ಶುರು ಮಾಡು ತಂಗಿ," ಅಂದ.

ತಾಯಿ ಕಾರಿನ ಮೇಲಿನ ಹೊದಿಕೆ ಎಳೆದಳು.

ಕೆಂಪು ಬಣ್ಣದ, ಸೊಂಟದೆತ್ತರದ, ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು. ಲೇತ್ ಕೆಲಸ ಮಾಡುತ್ತಿದ್ದ ಗಂಡ ಮದುವೆಗೆ ಮೊದಲೇ ಇದನ್ನು ತುಕ್ಕಿನ ತೊಟ್ಟಿಯಾಗಿ ತಂದು, ಒಂದೊಂದು ತುಂಡಾಗಿ ಜೀವ ಕೊಟ್ಟಿದ್ದ. ಅವಳು ಅದನ್ನು ಸವತಿ ಅನ್ನುತ್ತಿದ್ದಳು. ಸವತಿ ಎದ್ದಳಾ, ಸವತಿಗೆ ಸ್ನಾನ ಆಯ್ತಾ, ಅಂತ ಕೆಣಕುತ್ತಿದ್ದಳು. ಎರಡೇ ಸೀಟಾದ್ದರಿಂದ ಮಗಳು ಹುಟ್ಟಿದ ಮೇಲೆ ಅಪ್ಪ ಮಗಳು ಸುತ್ತಾಡಲು ಹೋಗುವುದು, ಇವಳು ಗೇಟು ಹಾಕಿಕೊಳ್ಳುವುದು ರೂಢಿಯಾಗಿತ್ತು.

ಕೊನೆಯ ಸಲ ಮಾತ್ರ ಒಬ್ಬನೇ ಹೋದ. ಪಕ್ಕದ ಊರಿನಲ್ಲಿ ಹಳೆಯ ಕಾರುಗಳ ಮೇಳ. ಮಗಳು ನಿದ್ದೆಯಲ್ಲಿದ್ದಳು, ಎಬ್ಬಿಸುವುದು ಬೇಡ ಅಂದ. ಊರಾಚೆಯ ಏರಿನಲ್ಲಿ ಕಾರು ನಿಂತುಹೋಯಿತು. ಅವನೊಬ್ಬನೇ ಇಳಿದು ರಸ್ತೆಯ ಬದಿಗೆ ತಳ್ಳಿದ. ಹಿಂದಿನಿಂದ ಬಂದ ಲಾರಿಯ ಡ್ರೈವರು ನೋಡಿದಾಗ ಡಿಕ್ಕಿಯ ಮೇಲೆ ಎರಡೂ ಕೈ ಊರಿ, ತಲೆ ಆನಿಸಿ ನಿಂತಿದ್ದನಂತೆ, ಯೋಚನೆ ಮಾಡುತ್ತಿರುವ ಹಾಗೆ. ಹತ್ತಿರ ಹೋಗಿ ಭುಜ ಮುಟ್ಟಿದಾಗ ಕುಸಿದನಂತೆ. ಮಗಳಿಗೆ ದೊಡ್ಡವರು ಹೇಳಿದ್ದು ಇಷ್ಟೇ: ಅಪ್ಪನಿಗೆ ನೋವಾಗಲಿಲ್ಲ. ಆದರೆ ಆ ದಿನ ಮನೆ ತುಂಬಿದ್ದ ನೆಂಟರಲ್ಲಿ ಯಾರೋ, ಹಾಳು ಪೆಟ್ರೋಲ್ ಪಂಪು ಕೈಕೊಟ್ಟಿತು, ಒಂದು ಜೀವ ತೆಗೆದುಕೊಂಡಿತು, ಅಂತ ಪಡಸಾಲೆಯಲ್ಲಿ ಕೂತು ಹೇಳುತ್ತಲೇ ಇದ್ದರು. ಮಗಳು ಅಲ್ಲೇ ಬಾಗಿಲ ಸಂದಿಯಲ್ಲಿದ್ದಳು.

ಹೊದಿಕೆ ಪೂರ್ತಿ ಜಾರಿದಾಗ ಡಿಕ್ಕಿಯ ಮುಚ್ಚಳದ ದೂಳಿನಲ್ಲಿ ಎರಡು ಅಂಗೈ ಗುರುತುಗಳು ಕಂಡವು. ಒಂದು ಅರ್ಧ ಅಳಿಸಿತ್ತು. ಇನ್ನೊಂದರಲ್ಲಿ ಐದೂ ಬೆರಳು. ತಾಯಿ ಹಿಡಿದಿದ್ದ ಒರೆಸುವ ಬಟ್ಟೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ವೈರ್ ಮಾಮನೂ ನೋಡಿದ. ಕನ್ನಡಕ ತೆಗೆದು, ಏನೂ ಆಗದವನ ಹಾಗೆ ಉಜ್ಜತೊಡಗಿದ.

ಬ್ಯಾಟರಿ ಕೂರಿಸಿದ್ದಾಯಿತು. ಪೆಟ್ರೋಲು ಹಾಕಿದ್ದಾಯಿತು. ತಾಯಿ ಒಳಗೆ ಕೂತಳು. ಸೀಟು ಗಂಡನ ಕಾಲಿನ ಅಳತೆಗೆ ಹಿಂದೆ ಸರಿದಿತ್ತು, ಅವಳ ಕಾಲು ಪೆಡಲಿಗೆ ಎಟುಕಲಿಲ್ಲ. ಕೀಲಿ ತಿರುಗಿಸಿದಳು. ಮುಂದೆ ಕೆಂಪು ದೀಪ ಹತ್ತಿತು. ಅಷ್ಟೇ. ಆಮೇಲೆ ಬರಬೇಕಾದ ಸದ್ದು ಬರಲಿಲ್ಲ.

ಆ ಸದ್ದು ಈ ಮನೆಯ ಗೋಡೆಗಳಿಗೂ ಬಾಯಿಪಾಠ. ಕೀಲಿ ತಿರುಗಿಸಿದರೆ ಹಿಂಬದಿಯಲ್ಲಿದ್ದ ಕರೆಂಟಿನ ಪಂಪು ಟಿಕ್ ಟಿಕ್ ಟಿಕ್ ಅಂತ ಪೆಟ್ರೋಲನ್ನು ಮುಂದಕ್ಕೆ ತಳ್ಳುತ್ತದೆ; ಮೊದಲು ಆತುರಾತುರ, ಆಮೇಲೆ ನಿಧಾನ, ಮುಂದೆ ಎಂಜಿನ್ನಿನ ಪಕ್ಕದಲ್ಲಿರುವ ಪೆಟ್ರೋಲಿನ ಬಟ್ಟಲು ತುಂಬಿದೊಡನೆ ಗಪ್ ಅಂತ ನಿಲ್ಲುತ್ತದೆ. ನಿಂತ ಮೇಲೆಯೇ ಎಂಜಿನ್ ಎಬ್ಬಿಸಬೇಕು. ಕೀಲಿ ಅಪ್ಪನ ಕೆಲಸ, ಎಣಿಸುವುದು ಮಗಳ ಕೆಲಸ. ಹಿಂದಿನ ಚಕ್ರದ ಪಕ್ಕ ಕುಕ್ಕುರುಗಾಲಲ್ಲಿ ಕೂತು ಗಟ್ಟಿಯಾಗಿ ಎಣಿಸಿ, ಸದ್ದು ನಿಂತ ಮೇಲೆ "ಆಯ್ತಪ್ಪ" ಅನ್ನಬೇಕು. ಅವಳು ಆಯ್ತಪ್ಪ ಅನ್ನುವ ತನಕ ಅಪ್ಪ ಸ್ಟಾರ್ಟ್ ಮಾಡುತ್ತಿರಲಿಲ್ಲ. ಅವಳಿಗೆ ನೆಗಡಿಯಾಗಿ ಮಲಗಿದ್ದ ದಿನವೂ ಕಿಟಕಿ ತೆರೆಸಿ ಎಣಿಸಿದ್ದುಂಟು.

ಸ್ಪಾನರಿನ ಹಿಡಿಯಿಂದ ಪಂಪಿಗೆ ಎರಡೇಟು ಕೊಡು, ಹಳೆಯ ಪಂಪುಗಳಿಗೆ ಬೈಗುಳ ಹೊಡೆತ ಎರಡೂ ಬೇಕು, ಅಂದ ಮಾಮ. ಕೊಟ್ಟಳು. ಏಳಲಿಲ್ಲ. ಫ್ಯೂಸು ತೆಗೆಸಿ ನೋಡಿದ, ಚೆನ್ನಾಗಿತ್ತು. ಪಂಪಿಗೆ ಹೋಗುವ ಬಿಳಿ ವೈರನ್ನು ಹಿಂಬಾಲಿಸು ಅಂದ. ಅವಳು ಸೀಟಿನ ಕೆಳಗೆ ಕೈಹಾಕಿ, ಕಾರ್ಪೆಟ್ಟಿನ ಅಡಿ ಬೆರಳಾಡಿಸುತ್ತ ಹೋದಳು. ಒಂದು ಸಣ್ಣ ಸ್ಕ್ರೂ ಸಿಕ್ಕಿತು, ಮಗಳ ಹೇರ್‌ಕ್ಲಿಪ್ಪು ಸಿಕ್ಕಿತು, ಗಂಡ ಕನ್ನಡಕ ಒರೆಸುತ್ತಿದ್ದ ಹಳದಿ ಬಟ್ಟೆಯ ಚೂರು ಸಿಕ್ಕಿತು. ಹೇರ್‌ಕ್ಲಿಪ್ಪನ್ನು ಜೇಬಿಗೆ ಹಾಕಿಕೊಂಡು, ಬಟ್ಟೆಯನ್ನು ಇದ್ದಲ್ಲೇ ಬಿಟ್ಟಳು. ಸೀಟಿನ ಕಂಬಿಯ ಅಡಿ ಒಂದು ಕಡೆ ವೈರಿನ ಹೊರಸಿಪ್ಪೆ ಸವೆದಿತ್ತು.

"ಸಿಕ್ಕಳು ಕಳ್ಳಿ," ಅಂದ ಮಾಮ.

ಬ್ಯಾಟರಿ ಬಿಚ್ಚಿಸಿ, ಅಲ್ಲಿ ಟೇಪು ಸುತ್ತಿಸಿ, ಮತ್ತೆ ಜೋಡಿಸಿ ಕೀಲಿ ತಿರುಗಿಸಲು ಹೇಳಿದ. ಕೆಂಪು ದೀಪ ಹತ್ತಿತು. ಸದ್ದಿಲ್ಲ. ಮಾಮ ತಲೆ ಕೆರೆದುಕೊಂಡ. "ಕಳ್ಳಿಯಲ್ಲ ಕಣಮ್ಮ, ದಾರಿಹೋಕಳು. ಸುಮ್ಮನೆ ಹಿಡಕೊಂಡ್ವಿ."

ಹನ್ನೆರಡಾಗಿತ್ತು. ತಾಯಿ ನಡುವೆ ಹೋಗಿ ಒಲೆಯ ಮೇಲಿಟ್ಟದ್ದನ್ನು ಕೆಳಗಿಳಿಸಿ, ಮಗಳಿಗೆ ಬಡಿಸಿ ಬಂದಳು. ಮಗಳು ತಟ್ಟೆ ನೋಡುತ್ತಲೇ ಕೂತಿದ್ದಳು. ತಾಯಿ ಶೆಡ್ಡಿಗೆ ವಾಪಸಾಗಿ ಸ್ವಲ್ಪ ಹೊತ್ತಿಗೆ ಹಿತ್ತಲಲ್ಲಿ ಹೆಜ್ಜೆ ಸದ್ದಾಯಿತು. ಎಂಟು ತಿಂಗಳಲ್ಲಿ ಮೊದಲ ಸಲ ಮಗಳು ಶೆಡ್ಡಿನ ಬಾಗಿಲ ತನಕ ಬಂದಿದ್ದಳು, ಕಾಲರು ಬಾಯಲ್ಲಿ. ತಾಯಿ ನೋಡಿಯೂ ನೋಡದ ಹಾಗೆ ಕಾರಿನಡಿ ತೂರಿದಳು. ಗುಬ್ಬಿಯನ್ನು ಕರೆದರೆ ಹಾರಿಹೋಗುತ್ತದೆ.

ಈಗ ಮಾಮ ಟೆಸ್ಟ್ ಬಲ್ಬು ಕೊಟ್ಟ. ಕ್ಲಿಪ್ಪನ್ನು ಕಾರಿನ ಬರಿಯ ಕಬ್ಬಿಣಕ್ಕೆ ಕಚ್ಚಿಸಿ, ಸೂಜಿಯನ್ನು ಪಂಪಿನ ಬಿಳಿ ವೈರಿಗೆ ಚುಚ್ಚು ಅಂದ. ಚುಚ್ಚಿದಳು. ಬಲ್ಬು ಬೆಳಗಿತು.

"ಸರಿ. ಕರೆಂಟು ಪಂಪಿನ ಬಾಗಿಲ ತನಕ ಬರ್ತಾ ಇದೆ. ಹೋಗೋ ದಾರಿ ಸರಿ ಇದೆ. ಈಗ ವಾಪಸು ಬರೋ ದಾರಿ ನೋಡು. ಕ್ಲಿಪ್ಪು ತೆಗೆದು ಕಪ್ಪು ವೈರಿಗೆ ಹಾಕು."

ಹಾಕಿದಳು. ಬಲ್ಬು ಆರಿತು. ಮತ್ತೆ ಹಾಕಿ ನೋಡಿದಳು, ಅಲುಗಿಸಿ ನೋಡಿದಳು. ಹತ್ತಲಿಲ್ಲ.

ಮಾಮ ತೊಡೆಗೆ ತಟ್ಟಿಕೊಂಡ. ಪಂಪು ಗಟ್ಟಿಮುಟ್ಟಾಗಿದೆ, ಪಾಪ, ಅದರ ಮೇಲೆ ಅಪವಾದ ಹೊರಿಸಿದ್ದೇ ಹೊರಿಸಿದ್ದು, ಅಂದ. ಒಳಗೆ ಬಂದ ಕರೆಂಟು ಕಪ್ಪು ವೈರಿನಲ್ಲಿ ಹೊರಟು ಕಾರಿನ ಮೈಗೆ ಸೇರಬೇಕು, ಆಗಲೇ ಸುತ್ತು ಪೂರ್ತಿ. ಕಪ್ಪು ವೈರು ಡಿಕ್ಕಿಯೊಳಗೆ ಒಂದು ಬೋಲ್ಟಿಗೆ ಬಿಗಿದಿರುತ್ತದೆ, ಅಲ್ಲಿ ತುಕ್ಕು ಹಿಡಿದಿರುತ್ತದೆ, ಕೆರೆದರೆ ಐದು ನಿಮಿಷದ ಕೆಲಸ.

ತಾಯಿ ಡಿಕ್ಕಿಯ ಮುಚ್ಚಳವನ್ನು ಅಂಗೈ ಗುರುತಿಗೆ ತಾಗದಂತೆ ಅಂಚಿನಲ್ಲಿ ಎರಡು ಬೆರಳಿಟ್ಟು ಎತ್ತಿದಳು. ಸ್ಟೆಪ್ನಿ ಚಕ್ರವನ್ನು ಉರುಳಿಸಿ ಕೆಳಗಿಳಿಸಿದಳು. ಮೂಲೆಯಲ್ಲಿ ಬೋಲ್ಟು ಸಿಕ್ಕಿತು. ತುಕ್ಕಿರಲಿಲ್ಲ. ನಟ್ಟು ಬಿಚ್ಚಿ ವೈರಿನ ಉಂಗುರ ಎತ್ತಿದಾಗ ಅದರ ಅಡಿಯಲ್ಲಿ ನುಣ್ಣಗೆ, ಒಂದೇ ಒಂದು ಗೆರೆಯೂ ಇಲ್ಲದ ಹಾಗೆ ಹಚ್ಚಿದ ಆಕಾಶನೀಲಿ ಬಣ್ಣ. ಉಂಗುರದ ಎರಡೂ ಮುಖಕ್ಕೂ ಅದೇ ಬಣ್ಣ.

ಸ್ಟೂಲಿನಿಂದಲೇ ಕತ್ತು ಚಾಚಿ ನೋಡಿದ ಮಾಮ ನಕ್ಕುಬಿಟ್ಟ. "ಯಾವ ಪುಣ್ಯಾತ್ಮರ ಕೆಲಸ ಇದು? ಅರ್ಥಿಂಗ್ ಅಡಿಗೆ ಬಣ್ಣ ಹಚ್ಚಿದಾರಲ್ಲ. ಬಣ್ಣದ ಮೇಲೆ ಕರೆಂಟು ಹೋಗುತ್ತಾ? ಬೋಲ್ಟಿನ ಹಲ್ಲಲ್ಲಿ ಎಲ್ಲೋ ಒಂಚೂರು ತಾಗಿಕೊಂಡು ಒಂದಷ್ಟು ದೂರ ಹೋಗಿರುತ್ತೆ, ಕುಲುಕಾಟಕ್ಕೆ ಅದೂ ಬಿಟ್ಟಿರುತ್ತೆ. ಅದೇ ಆ ಏರಿನಲ್ಲಿ..."

ಬಾಗಿಲಲ್ಲಿದ್ದ ಹುಡುಗಿಯ ಮುಖ ಅವನಿಗೆ ಕಂಡಿತ್ತು. ಅವಳ ಹಿಂದೆ, ಎಂಟು ತಿಂಗಳಿಂದ ಶೆಡ್ಡಿನ ಗೋಡೆಗೆ ಒರಗಿಯೇ ಇದ್ದ ಅವಳ ಸೈಕಲ್ಲೂ ಕಂಡಿತ್ತು. ಅದೇ ಆಕಾಶನೀಲಿ.

ತಾಯಿ ಕೈಯಲ್ಲಿದ್ದ ಉಂಗುರವನ್ನು ನೋಡಿದಳು, ಸೈಕಲ್ಲನ್ನು ನೋಡಿದಳು. ಮೇಳದ ಹಿಂದಿನ ಸಂಜೆ ಕಣ್ಣಿಗೆ ಕಟ್ಟಿತು. ತುಕ್ಕು ಅಂದರೆ ಕಾರಿಗೆ ಬರುವ ಕಾಯಿಲೆ, ಎಲ್ಲಿ ಕಂಡರೂ ಉಜ್ಜಿ ಬಣ್ಣ ಹಚ್ಚಿಬಿಡಬೇಕು, ಅಂತ ಗಂಡ ಮಗಳಿಗೆ ಪಾಠ ಹೇಳಿದ್ದ. ಎಲ್ಲ ಬಿಚ್ಚಿ ಹಚ್ಚಬೇಕು, ಮೇಲೆ ಮೇಲೆ ಬಳಿಯುವುದು ಸೋಮಾರಿಗಳ ಕೆಲಸ ಅಂದಿದ್ದ. ಮಗಳು ಊಟಕ್ಕೆ ಬಂದಾಗ ಉಗುರಿನ ಸುತ್ತ ನೀಲಿ, ಹೊಸ ಟವಲಿನ ಮೇಲೂ ನೀಲಿ. ಇವಳು ಗದರಿದ್ದಳು, ಕೊಬ್ಬರಿ ಎಣ್ಣೆ ಹಚ್ಚಿ ಒಂದೊಂದು ಬೆರಳನ್ನೂ ತಿಕ್ಕಿ ತೊಳೆದಿದ್ದಳು. ಮಗಳು ಗದರಿಸಿಕೊಂಡೂ ನಗುತ್ತಿದ್ದಳು, ಯಾರಿಗೂ ಹೇಳದ ಏನೋ ಒಂದು ಒಳಗಿರುವವಳ ಹಾಗೆ. ಅಪ್ಪ ಮೇಳದಲ್ಲಿ ಡಿಕ್ಕಿ ತೆರೆದಾಗ ನೋಡಿ ಬೆರಗಾಗಲಿ ಅಂತ ಕಾದಿದ್ದಳೇನೋ. ಯಾರಾದರೂ ಅಡ್ಡಾದಿಡ್ಡಿ ಬಳಿದಿದ್ದರೆ ಕಬ್ಬಿಣ ಎಲ್ಲಾದರೂ ಉಳಿದಿರುತ್ತಿತ್ತು. ಅಪ್ಪನ ಮಗಳು, ಅಪ್ಪ ಹೇಳಿದ ಹಾಗೆಯೇ ಮಾಡಿದ್ದಳು.

ತಿಂಗಳು ಕಳೆದ ಮೇಲೆ ಟೀಚರು ಕ್ಲಾಸಿನಲ್ಲಿ ಬಲ್ಬು ಕೈಗೆ ಕೊಟ್ಟಿದ್ದರು. ಬಣ್ಣ ಬಳಿದ ಮೊಳೆಗೆ ವೈರು ತಾಗಿಸಿದರೆ ಬಲ್ಬು ಹತ್ತುವುದಿಲ್ಲ ಅಂತ ತೋರಿಸಿದ್ದರಂತೆ, ಕರೆಸಿದ ದಿನ ಅದನ್ನೂ ಹೇಳಿದ್ದರು. ಆಗಲೇ ಮಗಳು ಎದ್ದುಹೋದದ್ದು. ಅಲ್ಲಿಂದ ಇಲ್ಲಿಯ ತನಕ ಇದನ್ನು ಒಬ್ಬಳೇ ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ್ದಾಳೆ, ತನ್ನ ಮಗಳು, ಪಕ್ಕದ ಹಾಸಿಗೆಯಲ್ಲೇ ಮಲಗುವವಳು. ತಾನು ಬರೀ ನೀರು ಕೊಡುತ್ತ ಬಂದಿದ್ದಳು.

ತಾಯಿ ಮಾಮನ ಕಡೆ ನೋಡಿದಳು. ಮಾಮನೂ ಆಗಲೇ ಸ್ಟೂಲು ಬಿಟ್ಟೇಳಲು ಹೆಣಗುತ್ತಿದ್ದ. ನಡುಗುವ ಕೈಯನ್ನು ಹುಡುಗಿಯ ತಲೆಯ ಮೇಲೆ ಒಂದು ಗಳಿಗೆ ಇಟ್ಟು, ಹೊರಗೆ ಗಾಳಿಗೆ ಕೂತಿರುತ್ತೇನೆ, ಮುದುಕರಿಗೆ ಪೆಟ್ರೋಲಿನ ವಾಸನೆ ಆಗಿಬರುವುದಿಲ್ಲ, ಅಂತ ಗೊಣಗುತ್ತ ನಡೆದ. ನಲವತ್ತು ವರ್ಷ ಪೆಟ್ರೋಲಿನಲ್ಲೇ ಕೈತೊಳೆದವನು.

ತಾಯಿಯ ಮನಸ್ಸು ಒಳಕೋಣೆಯ ಬೀರುವಿಗೆ ಹೋಗಿತ್ತು. ಅಲ್ಲಿ ಒಗೆದ ಹೊದಿಕೆಗಳ ಅಡಿ ಒಂದು ಆಸ್ಪತ್ರೆಯ ಕಾಗದವಿದೆ. ಗಂಡ ಹೋಗಿ ಎರಡು ತಿಂಗಳಾದ ಮೇಲೆ ಅವನ ಸ್ಪಾನರಿನ ಡಬ್ಬಿಯಲ್ಲಿ, ಉಪ್ಪುಕಾಗದದ ಸುರುಳಿಯೊಳಗೆ ಸಿಕ್ಕಿದ್ದು. ಸಾಯುವುದಕ್ಕೆ ಐದು ತಿಂಗಳು ಮೊದಲಿನ ತಾರೀಕು. ಹೃದಯದ ರಕ್ತನಾಳ ಮೂರು ಕಡೆ ಕಟ್ಟಿದೆ, ಭಾರ ಎತ್ತಬಾರದು, ತಳ್ಳಬಾರದು, ಕೂಡಲೇ ದಾಖಲಾಗಬೇಕು ಅಂತ ಡಾಕ್ಟರು ಬರೆದು ಅಡಿಗೆರೆ ಎಳೆದಿದ್ದರು. ಅವನು ಯಾರಿಗೂ ಹೇಳಿರಲಿಲ್ಲ. ಅವಳಿಗೆ ಬಂದ ಕೋಪಕ್ಕೆ ಲೆಕ್ಕವಿರಲಿಲ್ಲ. ಸತ್ತವನ ಜೊತೆ ಜಗಳವಾಡುವುದು ಹೇಗೆ ಅಂತ ತಿಳಿಯದೆ ಕಾಗದವನ್ನು ಹೊದಿಕೆಗಳ ಅಡಿ ತಳ್ಳಿದ್ದಳು. ಮಗುವಿನ ಮುಂದೆ ಅಪ್ಪ ಸಣ್ಣವನಾಗಬಾರದು ಅಂತ ಬಾಯಿ ಬಿಟ್ಟಿರಲಿಲ್ಲ. ಅಪ್ಪ ಒಂದನ್ನು ಬಚ್ಚಿಟ್ಟ, ಅಮ್ಮ ಅದನ್ನೇ ಇನ್ನೊಂದು ಸಲ ಬಚ್ಚಿಟ್ಟಳು, ಮಗಳು ತನ್ನದೊಂದನ್ನು. ಮೂವರಿಗೂ ಯಾರನ್ನೂ ನೋಯಿಸಬಾರದು ಅನ್ನುವುದಷ್ಟೇ ಇತ್ತು.

ಕಾಗದ ತಂದು ಈಗಲೇ ಮುಂದೆ ಹಿಡಿಯಲೇ ಅನ್ನಿಸಿತು. ಬೇಡ. ಕೇಳದ ಪ್ರಶ್ನೆಗೆ ಉತ್ತರ ಕೊಟ್ಟರೆ ಪ್ರಶ್ನೆ ಒಳಗೇ ಉಳಿದುಬಿಡುತ್ತದೆ. ಎಂಟು ತಿಂಗಳು ಕಾದವಳಿಗೆ ಇನ್ನೊಂದು ಗಳಿಗೆ ಹೆಚ್ಚಲ್ಲ.

ಅವಳು ಬ್ಯಾಟರಿಯ ತುದಿ ಬಿಚ್ಚಿದಳು. ಉಪ್ಪುಕಾಗದವನ್ನು ಎರಡು ತುಂಡು ಮಾಡಿ, ಒಂದನ್ನು ಹಿಂದಕ್ಕೆ ಚಾಚಿ ಹಿಡಿದಳು, ತಿರುಗಿ ನೋಡದೆ. ಕೈ ನೋಯುವಷ್ಟು ಹೊತ್ತಾಯಿತು. ಆಮೇಲೆ ಕಾಗದ ಕೈಯಿಂದ ಹೋಯಿತು.

ಇಬ್ಬರೂ ಡಿಕ್ಕಿಯೊಳಗೆ ಬಗ್ಗಿ ಉಜ್ಜಿದರು. ತಾಯಿ ಉಂಗುರ ಉಜ್ಜಿದಳು, ಮಗಳು ಬೋಲ್ಟಿನ ಸುತ್ತಲ ಕಬ್ಬಿಣ. ನೀಲಿ ಪುಡಿ ಉದುರಿತು, ಅದರಡಿಯಿಂದ ಬಿಳಿ ಹೊಳಪು ಬಂತು. ಮಗಳು ಸಾಕಾದ ಮೇಲೂ ಉಜ್ಜುತ್ತಲೇ ಇದ್ದಳು. ಬೆರಳ ತುದಿ ಕೆಂಪಾದಾಗ ತಾಯಿ ಆ ಕೈಯ ಮೇಲೆ ತನ್ನ ಕೈ ಇಟ್ಟು ನಿಲ್ಲಿಸಿದಳು. ಉಂಗುರ ಕೂರಿಸಿದಳು. ನಟ್ಟು ಬಿಗಿಯಲು ಸ್ಪಾನರನ್ನು ಮಗಳಿಗೆ ಕೊಟ್ಟಳು. ಮಗಳು ಅಪ್ಪನ ಹಾಗೆಯೇ ನಾಲಿಗೆಯ ತುದಿ ಹೊರಗಿಟ್ಟು ಬಿಗಿದಳು.

ಬ್ಯಾಟರಿ ಜೋಡಿಸಿ ತಾಯಿ ಮುಂದೆ ಹೋಗಿ ಕೂತಳು. ಕನ್ನಡಿಯಲ್ಲಿ ನೋಡಿದರೆ ಹಿಂದೆ ಯಾರೂ ಕಾಣಲಿಲ್ಲ. ಹಿಂದಿನ ಚಕ್ರದ ಪಕ್ಕ ಕುಕ್ಕುರುಗಾಲಲ್ಲಿ ಕೂತರೆ ಕನ್ನಡಿಗೆ ಕಾಣುವುದಿಲ್ಲ ಅಂತ ಗಂಡ ಯಾವತ್ತೋ ಹೇಳಿದ್ದ. ಕೀಲಿ ತಿರುಗಿಸಿದಳು.

ಟಿಕ್ ಟಿಕ್ ಟಿಕ್ ಟಿಕ್.

ಹೊರಗೆ ಮಾಮನ ಕೆಮ್ಮು ನಿಂತಿತು. ತಾಯಿ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹಿಂದಿನಿಂದ ಮೊದಲು ಉಸಿರಷ್ಟೇ ಕೇಳಿಸಿತು, ಆಮೇಲೆ ತುಟಿಯಲ್ಲೇ ಅಂದ ಅಂಕಿಗಳು, ಆಮೇಲೆ ದನಿ. ಹದಿನಾಲ್ಕು, ಹದಿನೈದು, ಹದಿನಾರು. ಎಂಟು ತಿಂಗಳು ಒಣಗಿದ ಬಟ್ಟಲು, ಬೇಗ ತುಂಬಲಿಲ್ಲ. ಮೂವತ್ತು ದಾಟಿತು. ಮೂವತ್ತೆಂಟರಲ್ಲಿ ದನಿ ಒಡೆಯಿತು, ಆದರೂ ಎಣಿಕೆ ತಪ್ಪಲಿಲ್ಲ. ಟಿಕ್ಕಿಗೂ ಟಿಕ್ಕಿಗೂ ನಡುವೆ ಬಿಡುವು ಬೆಳೆಯಿತು. ಐವತ್ತೊಂದು. ಐವತ್ತೆರಡು.

ಸದ್ದು ನಿಂತಿತು.

ತಾಯಿ ಕೀಲಿಯ ಮೇಲೆ ಬೆರಳಿಟ್ಟುಕೊಂಡು ಕಾದಳು. ಆಯ್ತು ಅನ್ನುವ ಮಾತು ಬರಲಿಲ್ಲ. ಹಗ್ಗದ ಮೇಲೆ ಉಳಿದ ಬಟ್ಟೆಗಳು ಗಾಳಿಗೆ ಪಟಪಟ ಅನ್ನುತ್ತಿದ್ದವು. ಅವಳು ಕೀಲಿಯಿಂದ ಬೆರಳು ತೆಗೆದಳು, ಇಳಿದು ಹಿಂದಕ್ಕೆ ಬಂದಳು, ಮಗಳ ಎದುರು ನೆಲದ ಮೇಲೆ ಕೂತಳು.

ಮಗಳು ಬಾಯಿಂದ ಕಾಲರು ತೆಗೆದಳು.

"ಅಮ್ಮ, ನಾನು ಅಲ್ಲಿ ಬಣ್ಣ ಹಚ್ಚದೆ ಇದ್ದಿದ್ರೆ ಅಪ್ಪ ಮನೆಗೆ ಬರ್ತಿದ್ರಾ?"